ಹಿಂದಿನ ಗಾಜಿನ ಮೇಲಿನ ಗ್ರೀಕ್

ಡಾಲಸ್ ಹತ್ತಿರದ ಒಂದು ಊರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಾಗ ಅದರ ಹಿಂದಿನ ಗಾಜಿನ ಎಡಮೂಲೆಯಲ್ಲಿ ಬಿಳಿ ಬಣ್ಣದ ಒಂದು ಸ್ಟಿಕ್ಕರ್ ಇತ್ತು. ಎರಡೇ ಪದ, ಗ್ರೀಕ್ ಅಕ್ಷರ. ಮಾರಿದವರು ಎಪ್ಪತ್ತರ ಆಸುಪಾಸಿನ ಅಜ್ಜ. ಇಲ್ಲಿನ ಕಾಲೇಜು ಹುಡುಗರ ಸಂಘಗಳಿಗೆಲ್ಲ ಗ್ರೀಕ್ ಅಕ್ಷರದ ಹೆಸರಿರುತ್ತದಲ್ಲ, ಅಂಥದ್ದೇ ಯಾವುದೋ ಹಳೇ ನೆನಪು ಇರಬೇಕು ಅಂದುಕೊಂಡೆ. ಬಿಇ ಓದಿದ ಪುಣ್ಯಕ್ಕೆ ಲ್ಯಾಮ್ಡಾ, ಒಮೆಗಾ ಗುರುತು ಸಿಕ್ಕವು. ತರಂಗದೂರ, ಓಮ್. ಅಲ್ಲಿಗೆ ನನ್ನ ಗ್ರೀಕ್ ಮುಗೀತು.

ಎಂಟು ತಿಂಗಳು ಆ ಬರಹವನ್ನು ಬೆನ್ನಿಗೆ ಅಂಟಿಸಿಕೊಂಡು ಆಫೀಸು, ಇಂಡಿಯನ್ ಅಂಗಡಿ, ದೇವಸ್ಥಾನ ಅಂತ ಓಡಾಡಿದೆ. ಒಂದು ರಾತ್ರಿ ಹಿಂದೆ ಕೆಂಪು ನೀಲಿ ದೀಪ ಹತ್ತಿತು. ಪಕ್ಕಕ್ಕೆ ಹಾಕಿ, ಎಲ್ಲರೂ ಹೇಳಿಕೊಟ್ಟಿದ್ದ ಹಾಗೆ ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಪೊಲೀಸಪ್ಪ ಸೀದಾ ನನ್ನ ಕಿಟಕಿಗೆ ಬರಲಿಲ್ಲ. ಗಾಡಿಯ ಹಿಂದೆ ಎರಡು ಸೆಕೆಂಡ್ ನಿಂತ. ಟಾರ್ಚ್ ಗಾಜಿನ ಎಡಮೂಲೆಗೆ ಹೋಯಿತು. ಆಮೇಲೆ ಬಲಗಡೆಯಿಂದ, ಅಂದರೆ ಪ್ಯಾಸೆಂಜರ್ ಸೀಟಿನ ಕಡೆಯಿಂದ ಬಂದ. ಒಂದು ಕೈ ಸೊಂಟದ ಹತ್ತಿರವೇ ಇತ್ತು.

"ಸರ್, ಗಾಡಿಯಲ್ಲಿ ಗನ್ ಏನಾದ್ರೂ ಇದೆಯಾ?"

ಇಲ್ಲ ಅಂದೆ. ಗನ್ ಇಲ್ಲದ ಮನುಷ್ಯ ಇಲ್ಲ ಅಂದರೂ ಸುಳ್ಳು ಹೇಳಿದ ಹಾಗೆ ಕೇಳಿಸುವ ಒಂದು ಧ್ವನಿ ಇರುತ್ತದೆ, ಅದೇ ಬಂತು. ಲೈಸೆನ್ಸ್ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಕೇಳಿದ, "ಹಿಂದಿನ ಸ್ಟಿಕ್ಕರ್ ನಿಮ್ಮದೇನಾ?" ಹಳೇ ಓನರ್‌ದು, ಅರ್ಥ ಗೊತ್ತಿಲ್ಲ ಅಂದೆ. ಅವನಿಗೆ ನಗು ಬಂತು. ನಂಬರ್ ಪ್ಲೇಟಿನ ದೀಪ ಕೆಟ್ಟಿದೆ, ಸರಿಮಾಡಿಸಿ ಅಂತ ಎಚ್ಚರಿಕೆ ಚೀಟಿ ಕೊಟ್ಟು ಕಳಿಸಿದ. ಮನುಷ್ಯ ಸಭ್ಯನೇ. ನನ್ನ ಕೈ ನಡುಗಿದ್ದು ಮಾತ್ರ ಮನೆ ಮುಟ್ಟುವವರೆಗೆ ನಿಲ್ಲಲಿಲ್ಲ.

ಮನೆಗೆ ಬಂದು ಹುಡುಕಿದೆ. ಮೊಲೊನ್ ಲಾಬೆ. ಬಂದು ತಗೋ.

ಕ್ರಿಸ್ತಪೂರ್ವ 480ರಲ್ಲಿ ಥರ್ಮೊಪಿಲೆಯಲ್ಲಿ ಪರ್ಷಿಯಾದ ದೊರೆ ಆಯುಧ ಕೆಳಗಿಡಿ ಅಂದಾಗ ಸ್ಪಾರ್ಟಾದ ಲಿಯೊನಿಡಾಸ್ ಕೊಟ್ಟ ಉತ್ತರ ಅಂತ ಪ್ಲುಟಾರ್ಕ್ ಬರೆದಿದ್ದಾನೆ. ಟೆಕ್ಸಾಸಿಗೆ ತನ್ನದೇ ಆವೃತ್ತಿಯೂ ಇದೆ. 1835ರಲ್ಲಿ ಗೊನ್ಸಾಲೆಸ್ ಎಂಬ ಊರಿನವರು ಮೆಕ್ಸಿಕೊ ಸೈನ್ಯಕ್ಕೆ ಫಿರಂಗಿ ಕೊಡಲ್ಲ ಅಂತ ಇದೇ ಮಾತನ್ನು ಇಂಗ್ಲಿಷಿನಲ್ಲಿ ಬಾವುಟದ ಮೇಲೆ ಬರೆದರು. ಆ ಫಿರಂಗಿಯನ್ನು ನಾಲ್ಕು ವರ್ಷ ಹಿಂದೆ ಅವರಿಗೆ ಕೊಟ್ಟಿದ್ದೇ ಮೆಕ್ಸಿಕೊದ ಅಧಿಕಾರಿಗಳು. ಕೈಗಡ ತಂದದ್ದನ್ನು ವಾಪಸ್ ಕೇಳಿದರೆ ಬಂದು ತಗೋ ಅನ್ನೋರು ನಮ್ಮೂರಲ್ಲೂ ಇದ್ದಾರೆ, ಬಾವುಟ ಮಾಡಿಸಿಲ್ಲ ಅಷ್ಟೆ.

ಈ ಸ್ಟಿಕ್ಕರನ್ನು ಒಂದು ಬರಹ ಅಂತ ಓದಿದರೆ ಮೊದಲು ಕಣ್ಣಿಗೆ ಬೀಳೋದು ಏಕವಚನ. ಗ್ರೀಕಿನಲ್ಲೂ ಅದು ಏಕವಚನವೇ. ಇಂಗ್ಲಿಷಿನವರಿಗೆ ಇದು ಗೊತ್ತಾಗಲ್ಲ. ಕನ್ನಡದವರು ತಗೋ ಅನ್ನಬೇಕೋ ತಗೊಳ್ಳಿ ಅನ್ನಬೇಕೋ ಅಂತ ತೀರ್ಮಾನ ಮಾಡಲೇಬೇಕು. ಗಾಜಿನ ಮೇಲೆ ಸರ್ಕಾರಕ್ಕೆ ಏಕವಚನ. ಆದರೆ ಅದೇ ಸರ್ಕಾರ ಯೂನಿಫಾರ್ಮ್ ಹಾಕಿಕೊಂಡು ಕಿಟಕಿ ಹತ್ತಿರ ಬಂದಾಗ ಅದೇ ಮನುಷ್ಯ "ಹೌದು ಆಫೀಸರ್, ಇಲ್ಲ ಸರ್". ಹಿಂದಿನ ಗಾಜಿನಿಂದ ಪಕ್ಕದ ಕಿಟಕಿಗೆ ಆರಡಿ ಇರಬಹುದು. ಆ ಆರಡಿಯಲ್ಲಿ ವಚನ ಬದಲಾಗುತ್ತದೆ.

ಬರೆಸಿದವನು ಊಹಿಸಿದ ಓದುಗ ವಾಷಿಂಗ್ಟನ್‌ನಲ್ಲಿದ್ದಾನೆ. ನಿಜವಾದ ಓದುಗ ಸಿಗ್ನಲ್‌ನಲ್ಲಿ ಹಿಂದೆ ನಿಂತಿದ್ದಾನೆ. ಗಾಡಿಯಲ್ಲಿ ಗನ್ ಸಿಗಬಹುದು ಅಂತ ಓದಿಕೊಳ್ಳುವ ಕಳ್ಳನೂ ಅವರಲ್ಲಿ ಒಬ್ಬ. ಅದಕ್ಕೇ ಬಂದೂಕು ತರಬೇತಿ ಕೊಡುವವರೇ ಎಷ್ಟೋ ಜನ ಇಂಥ ಸ್ಟಿಕ್ಕರ್ ಬೇಡ ಅಂತಾರೆ. ಆದರೆ ಅತ್ಯಂತ ಶ್ರದ್ಧೆಯಿಂದ ಓದುವವನು ಟ್ರಾಫಿಕ್ ಪೊಲೀಸ್. ಅವನಿಗೆ ಓದೋದು ಕೆಲಸ. ಎಷ್ಟೋ ಪಿಕಪ್‌ಗಳ ಮೇಲೆ ಇದರ ಪಕ್ಕದಲ್ಲೇ ನಡುವೆ ನೀಲಿ ಗೆರೆಯಿರುವ ಕಪ್ಪು-ಬಿಳುಪು ಬಾವುಟವೂ ಇರುತ್ತದೆ, ನಾವು ಪೊಲೀಸರ ಪರ ಅನ್ನೋದಕ್ಕೆ. ನಾಳೆ ಯಾರಾದರೂ ಬಂದೂಕು ತಗೊಂಡು ಹೋಗೋಕೆ ಬಂದರೆ ಬರೋದು ಯಾರು? ಒಂದೇ ಬಂಪರಿನ ಮೇಲೆ ಬಾ ನೋಡೋಣ ಅನ್ನೋ ಸವಾಲು, ನಿನ್ನ ಜೊತೆ ನಾನಿದ್ದೇನೆ ಅನ್ನೋ ಆಶ್ವಾಸನೆ, ಎರಡೂ ಒಬ್ಬನಿಗೇ. ಅಂಟಿಸಿದವರಿಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ, ಯಾಕಂದರೆ ತಮ್ಮನ್ನು ಯಾರೂ ತಪ್ಪಾಗಿ ಓದಲ್ಲ ಅನ್ನೋ ಧೈರ್ಯ ಅವರಿಗಿದೆ.

ಕಾನೂನು ಇದರ ಬಗ್ಗೆ ಏನೂ ಹೇಳಿಲ್ಲ ಅಂತಲ್ಲ. ನಮ್ಮ ಡಾಲಸ್ ಕೌಂಟಿಯದೇ ಒಂದು ಪ್ರಕರಣ ಇದೆ. ಎಸ್ಟೆಪ್ ಎಂಬುವವರನ್ನು ತಡೆದ ಪೊಲೀಸ್ ಅವರ ಗಾಡಿಯ ಮೇಲೆ ಎನ್‌ಆರ್‌ಎ ಸ್ಟಿಕ್ಕರ್ ನೋಡಿದ. ಎನ್‌ಆರ್‌ಎ ಅಂದರೆ ಇಲ್ಲಿನ ಬಂದೂಕು ಮಾಲೀಕರ ದೊಡ್ಡ ಸಂಘ. ಒಳಗೆ ಶಿಕಾರಿಯವರು ಹಾಕುವಂಥ ಕಾಡುಬಣ್ಣದ ಬಟ್ಟೆಯೂ ಕಂಡಿತು. ಗಾಡಿ ಜಾಲಾಡಿದ. 2002ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಇಂಥ ಸ್ಟಿಕ್ಕರ್ ನೋಡಿ ಮನುಷ್ಯ ಅಪಾಯಕಾರಿ ಅಂತ ತೀರ್ಮಾನಿಸೋ ಹಾಗಿಲ್ಲ, ಆ ಶೋಧ ಸರಿಯಲ್ಲ ಅಂತ ಹೇಳಿತು. ಒಳ್ಳೆಯ ತೀರ್ಪು. ಇಲ್ಲದಿದ್ದರೆ ಟೆಕ್ಸಾಸಿನ ಅರ್ಧ ಪಿಕಪ್‌ಗಳನ್ನು ದಿನಾ ಬಿಚ್ಚಿ ನೋಡಬೇಕಾಗುತ್ತಿತ್ತು.

ಆದರೆ ಅದಕ್ಕೆ ಆರು ವರ್ಷ ಮೊದಲೇ, 1996ರಲ್ಲಿ, ಸುಪ್ರೀಂ ಕೋರ್ಟ್ ವ್ರೆನ್ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿ ಆಗಿತ್ತು. ಸಂಚಾರ ನಿಯಮದ ಯಾವುದೇ ಒಂದು ಉಲ್ಲಂಘನೆ ಕಣ್ಣಿಗೆ ಬಿದ್ದರೆ ಸಾಕು, ಪೊಲೀಸ್ ಗಾಡಿ ತಡೆಯಬಹುದು. ಅವನ ಮನಸ್ಸಿನಲ್ಲಿ ಇದ್ದ ನಿಜವಾದ ಕಾರಣ ಏನು ಅಂತ ಕೋರ್ಟ್ ಕೇಳಲ್ಲ. ಎಸ್ಟೆಪ್ ತೀರ್ಪಿಗಿಂತ ರಸ್ತೆಯಲ್ಲಿ ಹೆಚ್ಚು ಕೆಲಸ ಮಾಡೋದು ಇದೇ. ಸಂಚಾರ ನಿಯಮಗಳು ಎಷ್ಟಿವೆ ಅಂದರೆ ಐದು ಮೈಲಿ ಹಿಂದೆ ಬಂದರೆ ಯಾರದಾದರೂ ಒಂದು ತಪ್ಪು ಸಿಕ್ಕೇ ಸಿಗುತ್ತದೆ. ನನ್ನ ಚೀಟಿಯಲ್ಲಿ ನಂಬರ್ ಪ್ಲೇಟಿನ ದೀಪ ಅಂತಿದೆ. ಗ್ರೀಕ್ ಅಂತಿಲ್ಲ. ನಾನು ಪ್ರೋಗ್ರಾಮ್ ಬರೆಯೋನು, ಲಾಗ್‌ನಲ್ಲಿ ಬರದೇ ಇರೋ ಕಾರಣವನ್ನು ಹುಡುಕೋದು ಎಷ್ಟು ಕಷ್ಟ ಅಂತ ಗೊತ್ತು. ನಿಜವಾಗಿಯೂ ದೀಪಕ್ಕೇ ತಡೆದಿರಬಹುದು. ಅಲ್ಲ ಅಂತ ಸಾಬೀತು ಮಾಡೋ ದಾರಿಯೇ ಇಲ್ಲ ಅನ್ನೋದು ವಿಷಯ.

2017ರಲ್ಲಿ ಇನ್ನೊಂದು ತೀರ್ಪು ಬಂತು, ನಾಲ್ಕನೇ ಸರ್ಕ್ಯೂಟಿನಿಂದ. ವೆಸ್ಟ್ ವರ್ಜೀನಿಯಾದಲ್ಲಿ ಸೀಟ್ ಬೆಲ್ಟ್ ವಿಷಯಕ್ಕೆ ತಡೆದ ಕಾರಿನಲ್ಲಿ ಕೂತಿದ್ದ ರಾಬಿನ್ಸನ್ ಎಂಬಾತನ ಹತ್ತಿರ ಗನ್ ಇದೆ ಅಂತ ಪೊಲೀಸರಿಗೆ ಸುಳಿವಿತ್ತು. ಗನ್ ಕಾನೂನುಬದ್ಧವಾಗಿದ್ದರೂ ಸರಿಯೇ, ತಡೆದ ಕಾರಿನಲ್ಲಿ ಅದನ್ನು ಇಟ್ಟುಕೊಂಡವನು ಪೊಲೀಸರ ಮಟ್ಟಿಗೆ ಅಪಾಯಕಾರಿಯೇ, ಮೈ ತಡವಿ ನೋಡಬಹುದು ಅಂತ ಬಹುಮತದ ತೀರ್ಪು. ಎರಡೂ ತೀರ್ಪನ್ನು ಒಟ್ಟಿಗಿಟ್ಟು ನೋಡಿ. ಸ್ಟಿಕ್ಕರ್ ಇದ್ದರೆ ಅಪಾಯ ಅಲ್ಲ. ಗನ್ ಇದ್ದರೆ ಅಪಾಯ. ಬಂದೂಕು ಹಕ್ಕಿನ ಬಗ್ಗೆ ಬರೆದುಕೊಳ್ಳುವ ಸ್ವಾತಂತ್ರ್ಯ, ಬಂದೂಕು ಇಟ್ಟುಕೊಳ್ಳುವ ಸ್ವಾತಂತ್ರ್ಯಕ್ಕಿಂತ ಗಟ್ಟಿ.

ಹಾಗಾದರೆ ಸ್ಟಿಕ್ಕರ್ ಬೇಡ, ಬಾಯಲ್ಲೇ ಮರ್ಯಾದೆಯಿಂದ ಹೇಳಿದರೆ? ಹೇಳಿದವನ ಹೆಸರು ಫಿಲಾಂಡೊ ಕ್ಯಾಸ್ಟೀಲ್. ಮಿನೆಸೋಟದವನು, ಸೇಂಟ್ ಪಾಲ್‌ನ ಒಂದು ಶಾಲೆಯ ಊಟದ ಮನೆಯಲ್ಲಿ ಕೆಲಸ, ವಯಸ್ಸು 32, ಕಪ್ಪು ಮನುಷ್ಯ. ಬಂದೂಕು ಒಯ್ಯೋದಕ್ಕೆ ಪರ್ಮಿಟ್ ಇತ್ತು. 2016ರ ಜುಲೈ 6ರಂದು ಬ್ರೇಕ್ ಲೈಟ್ ಕೆಟ್ಟಿದೆ ಅಂತ ತಡೆದರು. ತಡೆಯುವ ಮೊದಲು ಪೊಲೀಸ್ ರೇಡಿಯೊದಲ್ಲಿ ಹೇಳಿದ್ದು ಬೇರೆ: ದರೋಡೆ ಶಂಕಿತನ ಹಾಗೆ ಕಾಣಿಸ್ತಾನೆ, ಅಗಲ ಮೂಗು. ಕ್ಯಾಸ್ಟೀಲ್ ಶಾಂತವಾಗಿ, ಸರ್, ನನ್ನ ಹತ್ತಿರ ಗನ್ ಇದೆ ಅಂತ ತಿಳಿಸಬೇಕು ಅಂದ. ಮಿಷಿಗನ್, ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ಕೇಳದಿದ್ದರೂ ಹಾಗೆ ಹೇಳಲೇಬೇಕು ಅಂತ ಕಾನೂನಿದೆ. ಮಿನೆಸೋಟದಲ್ಲಿ ಕೇಳಿದರೆ ಮಾತ್ರ ಹೇಳಬೇಕು. ಅವನು ಕೇಳದೇನೇ ಹೇಳಿದ. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿತ್ತು. ಮರುವರ್ಷ ಜೂರಿ ಆ ಪೊಲೀಸನನ್ನು ಬಿಡುಗಡೆ ಮಾಡಿತು. ಬಂದೂಕು ಮಾಲೀಕರ ದೊಡ್ಡ ಸಂಘ ಆ ವಾರ ಕೊಟ್ಟ ಹೇಳಿಕೆಯಲ್ಲಿ ಅವನ ಹೆಸರಿರಲಿಲ್ಲ.

ಇದನ್ನು ಓದಿದ ಮೇಲೆ ನನ್ನ ಗಾಜಿನ ಮೇಲಿದ್ದ ಬರಹವನ್ನು ನಾನು ಮೊದಲಿನ ಹಾಗೆ ಓದೋಕಾಗಲಿಲ್ಲ. ಸ್ಟಿಕ್ಕರ್ ಅನ್ನೋದು ಪೂರ್ತಿ ವಾಕ್ಯವೇ ಅಲ್ಲ. ಕರ್ತೃಪದ ಗಾಡಿಯೊಳಗೆ ಕೂತಿರುತ್ತದೆ. ಆ ಅಜ್ಜ ಕೂತಿದ್ದಾಗ ಅದರ ಅರ್ಥ ನಮ್ಮವನು, ಶಿಕಾರಿ ಮಾಡ್ತಾನೆ, ಹಟಮಾರಿ. ಟಾರ್ಚು ನನ್ನ ಮುಖದ ಮೇಲೆ ಬಿದ್ದಾಗ ಅದೇ ವಾಕ್ಯದ ಅರ್ಥ ಒಂದು ಕ್ಷಣ ತೂಗಾಡಿತು. ಅವನ ಸೊಂಟದ ಮೇಲಿನ ಕೈ ಆ ಕ್ಷಣದ್ದು. ಆಮೇಲೆ ನನ್ನ ವೀಸಾ ಲೈಸೆನ್ಸು, ನನ್ನ ಉಚ್ಚಾರಣೆ, ನನ್ನ ಅಜ್ಞಾನ ಎಲ್ಲ ಸೇರಿ ಅದನ್ನು ಜೋಕ್ ಮಾಡಿದವು. ಕ್ಯಾಸ್ಟೀಲ್‌ಗೆ ಆ ತೂಗಾಟದ ಕ್ಷಣವೂ ಸಿಗಲಿಲ್ಲ. ಕಾನೂನಿನ ಪ್ರಕಾರ ನನ್ನಂಥ ಎಚ್ 1 ಬಿ ವೀಸಾದವರು, ಶಿಕಾರಿ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಗನ್ ಮುಟ್ಟೋ ಹಾಗಿಲ್ಲ; ಸಿಕ್ಕರೆ ಅದು ಫೆಡರಲ್ ಅಪರಾಧ. ಬಂದು ತಗೋ ಅಂತ ಬರೆದುಕೊಂಡು ಓಡಾಡಿದ್ದೆ. ತಗೊಂಡು ಹೋಗೋಕೆ ಅವರಿಗೆ ಸಿಗಬಹುದಾಗಿದ್ದದ್ದು ನನ್ನ ವೀಸಾ ಒಂದೇ.

ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಗಾಡಿಗೆ ಸ್ಟಿಕ್ಕರ್ ಗಿಕ್ಕರ್ ಹೆಚ್ಚು ಹಚ್ಚಿದವರು ರಸ್ತೆಯಲ್ಲಿ ಹೆಚ್ಚು ಸಿಟ್ಟು ತೋರಿಸ್ತಾರಂತೆ, ಅದರಲ್ಲಿ ಬರೆದದ್ದು ಶಾಂತಿಮಂತ್ರವಾದರೂ ಸರಿ. ಬರಹದ ವಿಮರ್ಶೆ ಮಾಡ್ತಾ ಕೂತವನಿಗೆ ಇದು ಸ್ವಲ್ಪ ಅವಮಾನ. ಆದರೂ ಪೊಲೀಸ್ ಎಣಿಸಲ್ಲ, ಓದ್ತಾನೆ.

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಕೋವಿ ಇದೆ. ಮಲೆನಾಡಿನಲ್ಲಿ ತೋಟ ಇದ್ದವರಿಗೆ ಗೊತ್ತು, ಮಂಗ, ಹಂದಿ ಕಾಟಕ್ಕೆ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ. ಲೈಸೆನ್ಸ್ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ, ದೇವರ ಕೋಣೆಯ ಗೂಡಿನಲ್ಲಿ. ಪ್ರತಿ ಚುನಾವಣೆಗೂ ಅದನ್ನು ಗೋಣಿಯಲ್ಲಿ ಸುತ್ತಿ, ಬಸ್ಸು ಹತ್ತಿ, ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬರ್ತಾರೆ. ಗ್ರಾಮ ಪಂಚಾಯ್ತಿ, ವಿಧಾನಸಭೆ, ಲೋಕಸಭೆ. ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಅಲ್ಲ ಮಾರಾಯ, ಕೋವಿ ಇದ್ದವ ಯಾರಾದ್ರೂ ಕೋವಿ ಉಂಟು ಅಂತ ಬರ್ದು ಹಾಕ್ಕೊಳ್ತಾನಾ?"

ಚಿಕ್ಕಪ್ಪನ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇದು. ಅವರ ಕೋವಿ ಠಾಣೆಯ ರಿಜಿಸ್ಟರಿನಲ್ಲಿದೆ, ಆದ್ದರಿಂದ ಮೈಮೇಲೆ ಬರೆದುಕೊಳ್ಳಬೇಕಾಗಿಲ್ಲ. ಇಲ್ಲಿ ಕೇಂದ್ರ ಸರ್ಕಾರ ಬಂದೂಕು ಮಾಲೀಕರ ಪಟ್ಟಿ ಇಟ್ಟುಕೊಳ್ಳಬಾರದು ಅಂತ 1986ರ ಕಾಯ್ದೆಯೇ ಹೇಳುತ್ತದೆ. ಟೆಕ್ಸಾಸಿನಲ್ಲಿ 2021ರಿಂದ, ಬೇರೆ ಅಡ್ಡಿ ಇಲ್ಲದ 21 ವರ್ಷ ದಾಟಿದವರು ಪರ್ಮಿಟ್ ಇಲ್ಲದೆಯೂ ಸೊಂಟಕ್ಕೆ ಗನ್ ಸಿಕ್ಕಿಸಿಕೊಂಡು ಓಡಾಡಬಹುದು. ಸರ್ಕಾರ ತನ್ನ ಹೆಸರು ಬರೆದುಕೊಳ್ಳದ ಹಾಗೆ ದಶಕಗಟ್ಟಲೆ ಹೋರಾಡಿದ ಮನುಷ್ಯ, ಆ ಹೆಸರನ್ನು ತಾನೇ ದೊಡ್ಡ ಅಕ್ಷರದಲ್ಲಿ ಬರೆದು, ಟ್ರಾಫಿಕ್ ಪೊಲೀಸನ ಹೆಡ್‌ಲೈಟಿಗೆ ಸರಿಯಾಗಿ ಬೀಳೋ ಜಾಗದಲ್ಲಿ ಅಂಟಿಸಿಕೊಳ್ತಾನೆ. ರಿಜಿಸ್ಟರ್ ಇಲ್ಲದ ದೇಶದ ರಿಜಿಸ್ಟರ್ ಬಂಪರ್ ಮೇಲಿದೆ. ಅದನ್ನು ಇಟ್ಟುಕೊಂಡವನಿಗೆ ನಿಯಮ ಇಲ್ಲ, ಓದುವವನಿಗೂ ಇಲ್ಲ. ಚಿಕ್ಕಪ್ಪನಿಗೆ ರಸೀದಿಯಾದರೂ ಸಿಗುತ್ತದೆ.

ಸ್ಟಿಕ್ಕರ್ ತೆಗೆಯೋದೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ಆಯಿತು. ಹೆಂಡತಿ ಅವತ್ತೇ ತೆಗಿ ಅಂದಳು. ಟೀಮಿನ ಟೆಕ್ಸಾಸ್ ಹುಡುಗ, ಇರಲಿ ಬಿಡು, ನಿನಗೆ ಒಳ್ಳೇದೇ, ಯಾವನೂ ಹಾರ್ನ್ ಮಾಡಲ್ಲ ಅಂದ. ಒಂದು ವಾರ ಅದೇ ಸರಿಯೇನೋ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಹಳೇ ಕ್ರೆಡಿಟ್ ಕಾರ್ಡಿನಿಂದ ಕೆರೆದು ತೆಗೆದೆ.

ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು, ಇಲ್ಲಿ ಇಪ್ಪತ್ತು ವರ್ಷ ಕಳೆದವರು, ಕೇಳಿ ನಕ್ಕರು. "ಅದನ್ನ ತೆಗೆದದ್ದು ಸರಿ. ಇದನ್ನ ಹಚ್ಚಿ" ಅಂತ ಪೊಲೀಸ್ ಸಂಘವೊಂದಕ್ಕೆ ದೇಣಿಗೆ ಕೊಟ್ಟವರಿಗೆ ಕೊಡೋ ಸ್ಟಿಕ್ಕರ್ ಒಂದನ್ನು ಕೈಗಿಟ್ಟರು. ಬೆಂಗಳೂರಲ್ಲಿ ನನ್ನ ರೂಮ್‌ಮೇಟ್ ಒಬ್ಬ ಯಾವ ಪತ್ರಿಕೆಗೂ ಬರೆಯದೆ ಬೈಕಿಗೆ ಪ್ರೆಸ್ ಅಂತ ಹಾಕಿಕೊಂಡಿದ್ದ, ಅದು ನೆನಪಾಯಿತು. ಅವನನ್ನು ಎಷ್ಟು ಆಡಿಕೊಂಡಿದ್ದೆವು. ಈ ಸ್ಟಿಕ್ಕರ್ ಈಗ ಗ್ಲವ್ ಬಾಕ್ಸಿನಲ್ಲಿ, ಇನ್ಶೂರೆನ್ಸ್ ಕಾಗದದ ಕೆಳಗಿದೆ. ಹಚ್ಚಿಲ್ಲ, ಎಸೆಯೋಕೂ ಮನಸ್ಸು ಬಂದಿಲ್ಲ.