ಬಹುಶಾಸ್ತ್ರೀಯ ಪತ್ರಿಕೆಗಳೂ ನಮ್ಮ ಸಂಶೋಧನ ಲೇಖನಗಳೂ

‘ಹಸ್ತಪ್ರತಿ’ ಎಂಬ ಮಾತು ನಮ್ಮ ವಿಭಾಗಗಳಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಓಲೆಯ ಮೇಲೆಯೂ ಕೋರಿಕಾಗದದ ಮೇಲೆಯೂ ಹಿಂದಿನ ಲಿಪಿಕಾರರು ಬರೆದಿಟ್ಟುದು ಒಂದು. ಪತ್ರಿಕೆಯೊಂದರಲ್ಲಿ ಅಚ್ಚಾಗಲೆಂದು ಲೇಖಕನು ಕಳುಹಿಸುವ ಬರಹ ಇನ್ನೊಂದು. ಮೊದಲನೆಯದರಲ್ಲಿ ನಮ್ಮವರು ತೋರುವ ಎಚ್ಚರ ದೊಡ್ಡದು. 1964ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಹೊರಬಂದಂದಿನಿಂದ ಪಾಠಾಂತರ, ಲೋಪ, ಪ್ರಕ್ಷೇಪ, ಲಿಪಿಕಾರನ ಕೈತಪ್ಪು ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ವಿಧಾನವು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಗಿದೆ. ಐನೂರು ವರ್ಷಗಳ ಹಿಂದಣ ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟರೆ ಅದನ್ನು ಹಿಡಿದು ಪುಟಗಟ್ಟಲೆ ಚರ್ಚಿಸುವ ವಿದ್ಯಾರ್ಥಿಯು, ತನ್ನ ಬರಹವನ್ನು ಎರಡನೆಯ ಸಲ ಓದದೆ ಪತ್ರಿಕೆಗೆ ಕಳುಹಿಸುತ್ತಾನೆ. ಈ ವೈಚಿತ್ರ್ಯಕ್ಕೆ ಕಾರಣಗಳೇನೆಂಬುದನ್ನೂ, ಇದರಿಂದ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದನ್ನೂ ಇಲ್ಲಿ ಪರಿಶೀಲಿಸಬೇಕೆಂದಿದೆ.

ಬಹುಶಾಸ್ತ್ರೀಯ ಪತ್ರಿಕೆಯೆಂಬುದು ಸ್ವತಃ ಹೀನವಾದುದಲ್ಲ. ನಮ್ಮ ನಾಡಿಗೆ ಹೊಸದೂ ಅಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದ ‘ಪ್ರಬುದ್ಧ ಕರ್ಣಾಟಕ’ದಲ್ಲಿ ಸಾಹಿತ್ಯ, ಇತಿಹಾಸ, ವಿಜ್ಞಾನ ಎಲ್ಲಕ್ಕೂ ಎಡೆಯಿದ್ದಿತು. ಅದೇ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಸಿ. ಆರ್. ನಾರಾಯಣರಾಯರು 1932ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ‘ಕರೆಂಟ್ ಸೈನ್ಸ್’ ಎಂಬ ಇಂಗ್ಲಿಷ್ ಪತ್ರಿಕೆಯ ಮೊದಲ ಸಂಪಾದಕರು. ಒಂದೇ ಕಾಲೇಜಿನ ಅಧ್ಯಾಪಕರ ಕೈಯಿಂದ ಹದಿಮೂರು ವರ್ಷಗಳ ಅಂತರದಲ್ಲಿ ಹೀಗೆ ಎರಡು ಪತ್ರಿಕೆಗಳು ರೂಪುಗೊಂಡುದು ಅಲಕ್ಷ್ಯಮಾಡತಕ್ಕ ಸಂಗತಿಯಲ್ಲ. ಅಲ್ಲಿ ಅನೇಕ ಶಾಸ್ತ್ರಗಳು ಒಂದೇ ರಟ್ಟಿನೊಳಗೆ ಕೂಡಿದುದು, ಒಂದರ ವಿದ್ವಾಂಸನು ಇನ್ನೊಂದರ ಮಾತನ್ನು ಕೇಳಲಿ ಎಂದು. ಇಂದು ‘ಬಹುಶಾಸ್ತ್ರೀಯ’ ಎಂಬ ವಿಶೇಷಣವನ್ನು ಹೊತ್ತು ಬರುವ ಪತ್ರಿಕೆಗಳಲ್ಲಿ ಬಹುಪಾಲು ಬೇರೆ ಉದ್ದೇಶದಿಂದ ಹುಟ್ಟಿದವು. ಯಾವ ಶಾಸ್ತ್ರದ ಲೇಖನ ಬಂದರೂ ಮರಳಿಸಬೇಕಾದುದಿಲ್ಲ ಎಂಬುದೇ ಅವುಗಳ ವಿಶಾಲದೃಷ್ಟಿ!

ಈ ಬೆಳೆಗೆ ನೀರೆರೆದುದು ನಿಯಮಗಳೇ ಎಂದು ಹೇಳಬೇಕಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ ಮತ್ತು ಬಡತಿಗೆ ಅಂಕಗಳ ಲೆಕ್ಕವನ್ನು ತಂದಿತು. 2016ರ ನಿಯಮದಂತೆ ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಿರಬೇಕಾಯಿತು. 2022ರಲ್ಲಿ ಈ ಕಡ್ಡಾಯವನ್ನು ತೆಗೆದರು. ನಡುವೆ 2017ರಲ್ಲಿ ಅಂಗೀಕೃತ ಪತ್ರಿಕೆಗಳ ಪಟ್ಟಿಯೊಂದು ಬಂದಿತು. 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಹೊರಹಾಕಬೇಕಾಯಿತು. ಬಳಿಕ ‘ಕೇರ್’ ಎಂಬ ಹೆಸರಿನ ಇನ್ನೊಂದು ಪಟ್ಟಿ 2019ರಿಂದ ನಡೆದು, 2025ರ ಫೆಬ್ರವರಿಯ ಪ್ರಕಟಣೆಯೊಂದಿಗೆ ನಿಂತಿತು. ಈಗ ಪತ್ರಿಕೆಯ ಯೋಗ್ಯತೆಯನ್ನು ನಿರ್ಣಯಿಸುವ ಹೊಣೆ ಸಂಸ್ಥೆಗಳದೂ ಲೇಖಕರದೂ ಆಗಿದೆ. ಪಟ್ಟಿಯನ್ನು ನೋಡಿ ಕಳುಹಿಸುವ ಅಭ್ಯಾಸದಲ್ಲಿ ಬೆಳೆದ ತಲೆಮಾರಿಗೆ ಪತ್ರಿಕೆಯನ್ನು ಓದಿ ಕಳುಹಿಸುವ ಕೆಲಸ ಕಷ್ಟವೆನಿಸಿದರೆ ಆಶ್ಚರ್ಯವೇನು?

ಓದಬೇಕಾದುದು ಮೊದಲು ಆ ಪತ್ರಿಕೆಗಳ ‘ಲೇಖಕರಿಗೆ ಸೂಚನೆ’ಗಳನ್ನು. ಸಾಹಿತ್ಯಕೃತಿಯನ್ನು ಓದುವಂತೆ ಅವನ್ನು ಓದಿದರೆ ಪತ್ರಿಕೆಯ ಮನೋಧರ್ಮ ತಾನಾಗಿ ಹೊರಪಡುತ್ತದೆ. ಅಕ್ಷರದ ಗಾತ್ರವೆಷ್ಟು, ಸಾಲುಗಳ ನಡುವಣ ಅಂತರವೆಷ್ಟು, ಅಂಚು ಎಷ್ಟು ಅಂಗುಲ, ಶುಲ್ಕವನ್ನು ಯಾವ ಖಾತೆಗೆ ಕಟ್ಟತಕ್ಕದ್ದು, ಇವೆಲ್ಲ ಸೂಕ್ಷ್ಮವಾಗಿ ಹೇಳಲ್ಪಟ್ಟಿರುತ್ತವೆ. ಲೇಖನವನ್ನು ಯಾವ ಶಾಸ್ತ್ರದ ಬಲ್ಲವರಿಗೆ ತೋರಿಸಲಾಗುವುದು, ಅವರು ಏನನ್ನು ಪರೀಕ್ಷಿಸುತ್ತಾರೆ, ಕ್ಷೇತ್ರಕಾರ್ಯದ ಆಧಾರಗಳನ್ನು ಲೇಖಕನು ಹೇಗೆ ಒದಗಿಸಬೇಕು, ಪರಿಶೀಲಕರ ಆಕ್ಷೇಪಣೆಗೆ ಸಮಾಧಾನ ಹೇಳಲು ಅವಕಾಶವುಂಟೆ ಎಂಬುದಕ್ಕೆ ಒಂದು ವಾಕ್ಯವೂ ಇರುವುದಿಲ್ಲ. ಕೆಲವು ಪತ್ರಿಕೆಗಳು ಮೂರು ದಿನಗಳಲ್ಲಿ ಪರಿಶೀಲನೆಯನ್ನು ಮುಗಿಸುವುದಾಗಿ ಸಾರುತ್ತವೆ. ಒಂದು ಶಾಸನದ ಪಾಠವನ್ನು ಪಡಿಯಚ್ಚಿನೊಡನೆ ಹೋಲಿಸಲು ಎಷ್ಟು ದಿನ ಬೇಕೆಂದು ತಿಳಿದವರು ಇದನ್ನು ನಂಬುವುದು ಹೇಗೆ? 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತನು ಬೇಕೆಂದೇ ದೋಷಗಳನ್ನಿಟ್ಟು ಬರೆದ, ಕಲ್ಲುಹೂವಿನ ಸತ್ತ್ವದಿಂದ ಅರ್ಬುದರೋಗಕ್ಕೆ ಮದ್ದಿದೆಯೆನ್ನುವ ಲೇಖನವನ್ನು 304 ಪತ್ರಿಕೆಗಳಿಗೆ ಕಳುಹಿಸಿದನು. 157 ಪತ್ರಿಕೆಗಳು ಅದನ್ನು ಸ್ವೀಕರಿಸಿದುವು, 98 ಮಾತ್ರ ತಿರಸ್ಕರಿಸಿದುವು. ಇದನ್ನು ‘ಸೈನ್ಸ್’ ಪತ್ರಿಕೆ ಪ್ರಕಟಿಸಿದಾಗ ಅನೇಕರು ನಕ್ಕರು. ನಗುವುದಕ್ಕಿಂತ, ಅಂಥ ಪತ್ರಿಕೆಗೆ ತನ್ನ ನಿಜವಾದ ದುಡಿಮೆಯನ್ನು ಒಪ್ಪಿಸಿದವನ ಗತಿಯೇನೆಂದು ಯೋಚಿಸುವುದು ಲೇಸು.

ಆ ಗತಿಯನ್ನು ಒಂದು ನಿದರ್ಶನದಿಂದ ವಿವರಿಸಬಹುದು. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಸೀಮೆಯವನಾದ ಕಾಲೇಜು ಅಧ್ಯಾಪಕನೊಬ್ಬನು ತನ್ನೂರ ಸೊಪ್ಪಿನಬೆಟ್ಟವನ್ನು ಕುರಿತು ಲೇಖನ ಬರೆದನೆಂದು ಭಾವಿಸೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಕೆತೋಟವುಳ್ಳವನಿಗೆ ತೋಟದ ವಿಸ್ತೀರ್ಣದ ಹಲವು ಮಡಿ ಕಾಡಿನಲ್ಲಿ ಹಸಿಸೊಪ್ಪು ಕಡಿಯುವ, ದರಕು ಗುಡಿಸುವ ಸೌಲಭ್ಯವಿರುವುದು ಸರಿಯಷ್ಟೆ. ಈ ವಿಷಯ ನಿಜವಾಗಿಯೂ ಬಹುಶಾಸ್ತ್ರೀಯವಾದುದು. ಸೌಲಭ್ಯದ ಸ್ವರೂಪವನ್ನು ಕಾನೂನು ಬಲ್ಲವನು ಹೇಳಬೇಕು. ಕಡಿದ ಮರ ಮತ್ತೆ ಚಿಗುರುವ ಬಗೆಯನ್ನು ಸಸ್ಯಶಾಸ್ತ್ರಜ್ಞನು, ಕೊಟ್ಟಿಗೆಯಲ್ಲಿ ಹಾಸಿದ ಸೊಪ್ಪು ಗೊಬ್ಬರವಾಗಿ ತೋಟಕ್ಕೆ ಸೇರುವ ಲೆಕ್ಕವನ್ನು ಕೃಷಿಶಾಸ್ತ್ರಜ್ಞನು ಹೇಳಬೇಕು. ಬೆಟ್ಟವಿಲ್ಲದವನು ಏನು ಮಾಡುತ್ತಾನೆಂಬುದು ಸಮಾಜಶಾಸ್ತ್ರದ ಪ್ರಶ್ನೆ. ಕಾನು, ಹಾಡಿ, ಬೇಣ, ಬೆಟ್ಟ ಎಂದು ಜನರು ಮಾಡುವ ವಿಂಗಡಣೆ ಭಾಷಾಶಾಸ್ತ್ರಕ್ಕೆ ಸೇರುತ್ತದೆ. ನಮ್ಮ ಅಧ್ಯಾಪಕನು ಇವೆಲ್ಲವನ್ನೂ ಆರು ಪುಟಗಳಲ್ಲಿ ಮುಟ್ಟಿ, ಯಾವುದನ್ನೂ ಹಿಡಿಯದೆ, ಶುಲ್ಕ ಕಟ್ಟಿ ಪ್ರಕಟಿಸುತ್ತಾನೆ. ಅವನ ಊರಿನ ಹಿರಿಯರು ಹೇಳಿದ ನೂರಾರು ಮಾತುಗಳು ‘ಸ್ಥಳೀಯರ ಅಭಿಪ್ರಾಯದಂತೆ’ ಎಂಬ ಒಂದು ಪದಪುಂಜದಲ್ಲಿ ಅಡಗಿಹೋಗುತ್ತವೆ. ಯಾರು ಹೇಳಿದರು, ಯಾವ ಊರಲ್ಲಿ, ಯಾವ ವರ್ಷ, ತೋಟದ ಯಜಮಾನನೋ ಸೊಪ್ಪು ಹೊತ್ತ ಆಳೋ, ಇದಾವುದೂ ಉಳಿಯುವುದಿಲ್ಲ. ಆ ಹಿರಿಯರು ತೀರಿಕೊಂಡ ಮೇಲೆ ಇನ್ನೊಬ್ಬನು ಹೋಗಿ ಕೇಳುವಂತೆಯೂ ಇಲ್ಲ. ಕಾಡನ್ನು ಬಲ್ಲ ಯಾವ ವಿದ್ವಾಂಸನ ಕಣ್ಣಿಗೂ ಆ ಲೇಖನ ಬೀಳುವುದಿಲ್ಲ. ವಿಷಯವೇನೋ ‘ಈಗಾಗಲೆ ಪ್ರಕಟವಾದುದು’ ಎನಿಸಿಕೊಂಡು ಒಳ್ಳೆಯ ಪತ್ರಿಕೆಯ ಬಾಗಿಲೂ ಮುಚ್ಚುತ್ತದೆ. ಅಂಕಗಳು ಬಂದುವು, ಬೆಟ್ಟ ಹೋಯಿತು.

ಇದಕ್ಕೆ ಎದುರಾಗಿ ಅದೇ ತೋಟಗಳಿಗೆ ಸಂಬಂಧಿಸಿದ ಬೇರೊಂದು ಕಥೆಯಿದೆ. ಮಳೆಗಾಲದಲ್ಲಿ ಎಳೆಯ ಅಡಕೆಕಾಯಿ ಕೊಳೆತು ಉದುರುವುದನ್ನು ಮಲೆನಾಡಿನವರು ಕೊಳೆರೋಗವೆಂದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಈ ರೋಗವನ್ನು ಕುರಿತು ಪ್ರಕಟಿಸಿದ ಬರಹದಲ್ಲಿ ರೈತರ ಹೆಸರನ್ನೇ ಉಳಿಸಿಕೊಂಡರು. ಕಾಯಿಯ ಮೇಲಣ ಕಲೆಯ ರೂಪ, ಹರಡುವ ಕ್ರಮ, ಗೊನೆಗಳಿಗೆ ಕೊಟ್ಟೆ ಕಟ್ಟುವ ರೂಢಿ ಇವನ್ನು ವಿವರಿಸಿ, ಫೈಟೊಫ್ಥೊರ ಕುಲದ ಜೀವಿಯೇ ಕಾರಣವೆಂದು ತೋರಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಮಾರ್ಗವನ್ನು ಮುಂದಿಟ್ಟರು. ಇಂದಿಗೂ ಕೊನೆಗೌಡನು ಮರವೇರಿ ‘ಮದ್ದು ಹೊಡೆಯು’ವುದರ ಹಿಂದೆ ಆ ಬರಹವಿದೆ. ಕುತೂಹಲಕರವಾದ ಸಂಗತಿಯೆಂದರೆ, ಅದಕ್ಕಿಂತ ಮುಂಚೆಯೇ, 1876ರಲ್ಲಿ, ಕಾಫಿಯ ಎಲೆ ಕಪ್ಪಾಗಿ ಕೊಳೆಯುವ ರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ. ಸಿ. ಕುಕ್ ‘ಪೆಲಿಕ್ಯುಲೇರಿಯ ಕೊಲೆರೋಗ’ ಎಂದು ಹೆಸರಿಟ್ಟಿದ್ದನು. ಹೀಗೆ ಒಂದು ಕನ್ನಡ ಮಾತು ಲ್ಯಾಟಿನ್ ನಾಮಾವಳಿಯನ್ನು ಸೇರಿತು. ಅಡಕೆಯ ಕೊಳೆಯೂ ಕಾಫಿಯ ಕೊಳೆಯೂ ಹೆಸರಿನಿಂದ ಒಂದು, ಕಾರಣದಿಂದ ಬೇರೆ ಬೇರೆ. ಆದುದರಿಂದ ದೇಶೀಯ ಪದವನ್ನು ಉಳಿಸಿಕೊಂಡರೆ ಸಾಲದು. ಅದು ಯಾವ ಊರಿನಲ್ಲಿ ಯಾವ ವಸ್ತುವನ್ನು ಹೇಳುತ್ತದೆ ಎಂಬ ಲಕ್ಷಣವನ್ನೂ ಕೊಡಬೇಕು. ನಮ್ಮ ಲೇಖನಗಳಲ್ಲಿ ಪದವಿದ್ದರೆ ಲಕ್ಷಣವಿಲ್ಲ, ಲಕ್ಷಣವಿದ್ದರೆ ಪದವೇ ಮಾಯ.

ಒಂದು ವಿಷಯವನ್ನು ಹಲವು ಲೇಖನಗಳಾಗಿ ಹಂಚುವುದರಲ್ಲಿಯೂ ಎರಡು ಬಗೆಗಳುಂಟು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದು, ಜನರಿಗೂ ಜ್ವರ ಹತ್ತಿದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಶೋಧಿಸಿದರು. ಅವರು ತಮ್ಮ ಫಲಿತಗಳನ್ನು ಒಂದೇ ತಲೆಬರಹದಡಿಯಲ್ಲಿ ಸಂಖ್ಯೆಯಿಟ್ಟು ಪ್ರಕಟಿಸುತ್ತ ಹೋದರು. ಉಣ್ಣೆಗಳಿಂದ ವೈರಸ್ಸನ್ನು ಬೇರ್ಪಡಿಸಿದ ವೃತ್ತಾಂತವು 1959ರಲ್ಲಿ ಬಂದ ಎಂಟನೆಯ ಕಂತು. ಪ್ರತಿಯೊಂದು ಕಂತಿಗೂ ತನ್ನದೇ ಪ್ರಶ್ನೆ, ತನ್ನದೇ ಸಾಕ್ಷ್ಯ. ಕಾಡು ಕಡಿದುದಕ್ಕೂ ದನ ಮೇಯಿಸುವುದಕ್ಕೂ ಕಾಯಿಲೆಗೂ ಇರುವ ಸಂಬಂಧವನ್ನು ಕುರಿತು ಜಾರ್ಜ್ ಬೊಷೆಲ್ಲರು 1969ರಲ್ಲಿ ಬರೆದ ವಿಮರ್ಶೆ ಸಾಧ್ಯವಾದುದು ಹಿಂದಿನ ಇಂಥ ಬಿಡಿ ಬರಹಗಳು ನಂಬತಕ್ಕವುಗಳಾಗಿದ್ದುದರಿಂದ. ಸಿದ್ದಾಪುರದ ಕಡೆ 2024ರಲ್ಲಿಯೂ ಈ ಮಂಗನ ಕಾಯಿಲೆ ಪೀಡಿಸಿತು. ದರಕು ತರಲು ಬೆಟ್ಟಕ್ಕೆ ಹೋಗುವವರಿಗೆ ಉಣ್ಣೆಯ ಭಯ ಇಂದಿಗೂ ತಪ್ಪಿದ್ದಲ್ಲ. ಸೊಪ್ಪಿನಬೆಟ್ಟದ ಲೇಖಕನು ಯಾರು, ಯಾವ ತಿಂಗಳಲ್ಲಿ, ಎಷ್ಟು ಸಲ ದರಕಿಗೆ ಹೋಗುತ್ತಾರೆಂಬುದನ್ನು ನೆಟ್ಟಗೆ ಬರೆದಿದ್ದರೆ ಅದು ವೈದ್ಯನಿಗೂ ಬೇಕಾಗುತ್ತಿತ್ತು. ನಮ್ಮಲ್ಲಿ ರೂಢಿಯಲ್ಲಿರುವ ಹಂಚಿಕೆಯಾದರೋ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ನಾಲ್ಕು ಹೋಳು ಮಾಡಿ, ನಾಲ್ಕಕ್ಕೂ ಒಂದೇ ಪೀಠಿಕೆ ಬರೆಯುವುದು.

ಇನ್ನು ಲಿಪಿಯ ಮಾತು. ಇದನ್ನು ಯಂತ್ರದ ವಿಷಯವೆಂದು ಪಂಡಿತರು ತಳ್ಳಿಹಾಕುವುದುಂಟು, ಅದು ಸರಿಯಲ್ಲ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಲೇಖನವನ್ನು ಯುನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುವುದುಂಟು, ಒತ್ತಕ್ಷರ ಒಡೆಯುವುದುಂಟು. ಹಳಗನ್ನಡದ ಱ, ೞ ಅಕ್ಷರಗಳಿಗೆ ಯುನಿಕೋಡಿನಲ್ಲಿ ಸ್ಥಾನವಿದ್ದರೂ ಲೇಖಕರು ರ, ಳ ಎಂದೇ ಬರೆದುಬಿಡುತ್ತಾರೆ. ಶಬ್ದಮಣಿದರ್ಪಣದ ಸೂತ್ರವೊಂದನ್ನು ಹೀಗೆ ಉದ್ಧರಿಸಿದರೆ ಉಳಿಯುವುದೇನು? ಮುಂದಿನ ಶತಮಾನದ ಗ್ರಂಥಸಂಪಾದಕನಿಗೆ ನಾವೇ ಅಪಪಾಠಗಳನ್ನು ಬೆಳೆಸಿಕೊಡುತ್ತಿದ್ದೇವೆ. ಮತ್ತೊಂದು ವಿಚಾರ: 2018ರ ನಿಯಮದಂತೆ ಶೇಕಡಾ 10ರವರೆಗಿನ ಹೋಲಿಕೆಯನ್ನು ದೋಷವೆಂದು ಎಣಿಸುವುದಿಲ್ಲ; ಅದನ್ನು ತಂತ್ರಾಂಶದಿಂದ ಅಳೆಯುತ್ತಾರೆ. ಹಳೆಯ ಅಕ್ಷರವಿನ್ಯಾಸದ ಬರಹವು ಯಂತ್ರಕ್ಕೆ ಕನ್ನಡವಾಗಿ ಕಾಣುವುದಿಲ್ಲ, ಲ್ಯಾಟಿನ್ ಚಿಹ್ನೆಗಳ ಗೊಂದಲವಾಗಿ ಕಾಣುತ್ತದೆ. ಹಾಗಿರಲು ‘ಹೋಲಿಕೆ ಶೂನ್ಯ’ವೆಂಬ ಪ್ರಮಾಣಪತ್ರವು ಲೇಖಕನ ಪ್ರಾಮಾಣಿಕತೆಯನ್ನು ಸ್ಥಾಪಿಸುತ್ತದೆಯೆ, ಯಂತ್ರದ ಅಜ್ಞಾನವನ್ನೆ?

ಕಡೆಯದಾಗಿ ಸಾರಲೇಖದ ವಿಷಯ. ಕನ್ನಡದಲ್ಲಿ ಬರೆದ ಲೇಖನಕ್ಕೂ ಇಂಗ್ಲಿಷಿನಲ್ಲಿ ಸಾರವನ್ನು ಕೇಳುವ ಪದ್ಧತಿ ಬಂದಿದೆ; ಹೊರನಾಡಿನ ವಿದ್ವಾಂಸನು ಓದುವುದು ಅಷ್ಟನ್ನೇ. ಇದನ್ನು ನಮ್ಮವರು ಲೇಖನ ಮುಗಿದ ಮೇಲೆ ಅವಸರದಲ್ಲಿ, ಎಷ್ಟೋ ವೇಳೆ ಅನುವಾದ ಯಂತ್ರದಿಂದ, ಮಾಡಿಸುತ್ತಾರೆ. ಘಟ್ಟದ ಮೇಲಣ ಈ ಮೂರು ತಾಲ್ಲೂಕುಗಳಲ್ಲಿ ‘ಬೆಟ್ಟ’ವೆಂದರೆ ಎತ್ತರದ ಗುಡ್ಡವೆಂದೇ ಅರ್ಥವಲ್ಲ, ತೋಟಕ್ಕೆ ಸೇರಿದ ಸೊಪ್ಪಿನ ಕಾಡು ಇಳಿಜಾರಿನಲ್ಲಿರಲಿ, ತಗ್ಗಿನಲ್ಲಿರಲಿ, ಅದು ಬೆಟ್ಟವೇ. ಅರಣ್ಯ ಇಲಾಖೆಯ ಇಂಗ್ಲಿಷ್ ದಾಖಲೆಗಳು ಕೂಡ ಈ ಮಾತನ್ನು ಭಾಷಾಂತರಿಸದೆ ಹಾಗೆಯೇ ಇಟ್ಟುಕೊಂಡಿವೆ. ಆಂಗ್ಲ ಅರಣ್ಯಾಧಿಕಾರಿಗಳಿಗಿದ್ದ ಈ ವಿವೇಕ ಊರಿನವನೇ ಆದ ಲೇಖಕನ ಸಾರಲೇಖದಲ್ಲಿ ಕಾಣದು. ಅಲ್ಲಿ ಸೊಪ್ಪಿನಬೆಟ್ಟವು ‘ಎಲೆಗಳ ಪರ್ವತ’ವಾಗಿ, ದೊಡ್ಮನೆಯ ತೋಟದ ಮೇಲೆ ಬಂದು ಕುಳಿತಿರುತ್ತದೆ.