ಮೊದಲು ಪೋಸ್ಟರ್, ಆಮೇಲೆ ಕೊಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕಾಲೇಜು ಹುಡುಗರು ಮಾಡುವ ಥ್ರಿಲ್ಲರ್ ಕಿರುಚಿತ್ರಗಳಿಗೆ ಈಗ ಒಳ್ಳೆಯ ಹೆಸರು ಬಂದಿದೆ. ಗ್ಯಾದರಿಂಗಿನಲ್ಲಿ ಪರದೆ ಕಟ್ಟಿ ತೋರಿಸಿದರೆ ಶಿಳ್ಳೆ ಬೀಳುತ್ತದೆ, ಪ್ರಾಚಾರ್ಯರು ಶಾಲು ಹೊದಿಸುತ್ತಾರೆ, ಪತ್ರಿಕೆಯ ಜಿಲ್ಲಾ ಪುಟದವರು ‘ಗಡಿನಾಡ ಪ್ರತಿಭೆ’ ಎಂದು ಬರೆಯುತ್ತಾರೆ. ಹೊಗಳುವವರೆಲ್ಲರ ಬಾಯಲ್ಲಿ ಬರುವ ಮಾತು ಒಂದೇ: ಪ್ಲ್ಯಾನಿಂಗ್ ಪಕ್ಕಾ ಇತ್ತು. ಆ ಪ್ಲ್ಯಾನಿಂಗ್ ಏನೆಂದು ನೋಡಿದರೆ ಮೊದಲು ಟೈಟಲ್ ಪೋಸ್ಟರ್, ಹತ್ತು ದಿನ ಬಿಟ್ಟು ಮೋಷನ್ ಪೋಸ್ಟರ್, ನಂತರ ಟೀಸರ್, ಆಮೇಲೆ ಟ್ರೇಲರ್. ಚಿತ್ರಕಥೆ ಶೂಟಿಂಗಿನ ಹಿಂದಿನ ವಾರ ಹಾಸ್ಟೆಲ್ ಕೋಣೆಯಲ್ಲಿ ಹುಟ್ಟುತ್ತದೆ. ಹನ್ನೆರಡು ನಿಮಿಷದ ಚಿತ್ರಕ್ಕೆ ಮೂರು ತಿಂಗಳ ಪ್ರಚಾರ. ನನ್ನ ತಕರಾರು ಈ ‘ಪಕ್ಕಾ’ ಎಂಬ ಸರ್ಟಿಫಿಕೇಟಿನ ಮೇಲೆ.

ಇದಕ್ಕೆಲ್ಲ ಮೂಲಪುರುಷನೆಂದು ‘ಲೂಸಿಯಾ’ವನ್ನು ತೋರಿಸುತ್ತಾರೆ. 2013ರ ಆ ಚಿತ್ರಕ್ಕಾಗಿ ಪವನ್ ಕುಮಾರ್ ಜನರಿಂದಲೇ ಸುಮಾರು 50 ಲಕ್ಷ ಎತ್ತಿದ್ದು, 110 ಮಂದಿ ಹಣ ಹಾಕಿದ್ದು, 27 ದಿನದಲ್ಲಿ ಮೊತ್ತ ತುಂಬಿದ್ದು ಸಿನಿಮಾ ಹುಚ್ಚಿನ ಹುಡುಗರಿಗೆಲ್ಲ ಬಾಯಿಪಾಠ. ಹೇಳುವಾಗ ಒಂದು ಸಂಗತಿ ಮಾತ್ರ ಜಾರಿಹೋಗುತ್ತದೆ. ಹಣ ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಬರೆದು ಮುಗಿಸಿದ ಚಿತ್ರಕಥೆ ಇತ್ತು, ನಿರ್ಮಾಪಕರಿಂದ ಬೇಡವೆನಿಸಿಕೊಂಡೂ ಬಂದಿತ್ತು. ನಮ್ಮವರು ಕಲಿತದ್ದು ಜಾಹೀರಾತಿನ ಭಾಗವನ್ನಷ್ಟೇ. ಅದರ ಮೇಲೆ 2015ರ ‘ರಂಗಿತರಂಗ’ ಬಂತು. ಅಂದಿನಿಂದ ಅಥಣಿಯ ಕಣ್ಣು ಕುಕ್ಕುವ ಬಿಸಿಲಿನಲ್ಲಿ ತೆಗೆದ ಪೋಸ್ಟರಿಗೂ ಮೊಬೈಲಿನಲ್ಲಿ ಕರಾವಳಿಯ ಮಂಜು ಬಳಿಯುತ್ತಾರೆ.

ಮೆಚ್ಚಬೇಕಾದದ್ದನ್ನು ಮೊದಲೇ ಮೆಚ್ಚಿಬಿಡುತ್ತೇನೆ. ಫೋನಿನಲ್ಲೇ ರಾತ್ರಿ ದೃಶ್ಯವನ್ನು ಚೊಕ್ಕವಾಗಿ ಹಿಡಿಯುತ್ತಾರೆ. ಮೈಕ್ ಇಲ್ಲದಿದ್ದರೆ ಇನ್ನೊಂದು ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು ಧ್ವನಿ ತೆಗೆದುಕೊಳ್ಳುತ್ತಾರೆ. ಎಡಿಟಿಂಗಿನಲ್ಲಿ ಕೈ ಪಳಗಿದೆ. ಇಷ್ಟು ಸಾಕು.

ಈಗ ಪೋಸ್ಟರಿಗೆ ಬರೋಣ. ಕಪ್ಪು ಹಿನ್ನೆಲೆ, ಅರ್ಧ ಮುಖ, ಒಂದು ಕಣ್ಣು, ರಕ್ತದ ಹನಿ ಇಳಿಯುವ ಅಕ್ಷರ, ಕೆಳಗೆ ‘ಯಾರು? ಯಾಕೆ? ಯಾವಾಗ?’ ಎಂಬ ಸಾಲು. ಇದನ್ನು ಮಾಡಿಕೊಡುವವನು ಊರಿನ ಫ್ಲೆಕ್ಸ್ ಅಂಗಡಿಯವನು. ನಾಯಕರ ಹುಟ್ಟುಹಬ್ಬದ ಫ್ಲೆಕ್ಸು, ಜಾತ್ರೆಯ ಫ್ಲೆಕ್ಸು ಮಾಡುವವನೂ ಅವನೇ. ಹೀಗಾಗಿ ‘ಶುಭ ಕೋರುವವರು’ ಸಾಲಿನ ಗುಂಡು ಗುಂಡು ಫೋಟೋಗಳು ಕೊಲೆಯ ಪೋಸ್ಟರಿಗೂ ಇಳಿದು ಬಂದಿವೆ. ಅದರಲ್ಲಿ ನಗುವಂಥದ್ದಿದೆ, ತಪ್ಪೇನಿಲ್ಲ. ತಪ್ಪು ಇರುವುದು ಆ ಮೂರು ಪ್ರಶ್ನೆಗಳಲ್ಲಿ. ಪೋಸ್ಟರು ಪ್ರೇಕ್ಷಕನಿಗೆ ಏನನ್ನೂ ಕೊಡುವುದಿಲ್ಲ. ಸತ್ತವನು ಯಾರೆಂದೇ ತಿಳಿಯದಿರುವಾಗ ಕೊಂದವನು ಯಾರಾದರೆ ನನಗೇನು? ಒಬ್ಬ ಹುಡುಗನನ್ನು ಇದೇ ಕೇಳಿದ್ದಕ್ಕೆ, “ಸರ, ಟ್ವಿಸ್ಟ್ ಹೇಳಿಬಿಟ್ರ ಯಾರ ನೋಡತಾರ್ರೀ?” ಅಂದ. ಅವನೊಬ್ಬನ ಮಾತಾಗಿದ್ದರೆ ಬಿಡಬಹುದಿತ್ತು. ನಮ್ಮ ಸಿನಿಮಾ ವಿಮರ್ಶಕರಲ್ಲಿ ಹೆಚ್ಚಿನವರು ಇದನ್ನೇ ವೇದವಾಕ್ಯ ಮಾಡಿಕೊಂಡಿದ್ದಾರೆ. ಥ್ರಿಲ್ಲರಿನ ವಿಮರ್ಶೆಯಲ್ಲಿ ಅರ್ಧ ಪುಟ ‘ಕಥೆ ಹೇಳಿದರೆ ಸ್ವಾರಸ್ಯ ಕೆಡುತ್ತದೆ’ ಎಂಬುದಕ್ಕೇ ಹೋಗುತ್ತದೆ.

ಕೆಡುವುದಿಲ್ಲ. ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯ ಮೇಲೆ ಕಟ್ಟಿದ ಸಣ್ಣಾಟ. ಸಂಗ್ಯಾನಿಗೆ ಪರರ ಹೆಂಡತಿ ಗಂಗಿಯ ಮೇಲೆ ಮನಸ್ಸಾಗುತ್ತದೆ. ಜೀವದ ಗೆಳೆಯ ಬಾಳ್ಯಾ ನೆರವಾಗುತ್ತಾನೆ. ಕಡೆಗೆ ಹಣದಾಸೆಗೆ ಬಿದ್ದ ಅದೇ ಬಾಳ್ಯಾ ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಕಂಬಳಿ ಹಾಸಿಕೊಂಡು ಕೂತ ಮುದುಕಿಯಿಂದ ಕೂಸಿನವರೆಗೆ ಎಲ್ಲರಿಗೂ ಇದು ಗೊತ್ತು. ಆದರೂ ಬೆಳತನಕ ಯಾರೂ ಏಳುವುದಿಲ್ಲ. ಯಾಕೆ?

ಬಾಳ್ಯಾ ಗೆಳೆಯನನ್ನು ಕರೆದೊಯ್ಯುವ ಘಟ್ಟವನ್ನೇ ತೆಗೆದುಕೊಳ್ಳಿ. ಸಣ್ಣಾಟದ ಪಾತ್ರಧಾರಿ ಒಂದು ನುಡಿ ಹಾಡುತ್ತಾನೆ. ಅವನು ನಿಲ್ಲಿಸಿದಲ್ಲಿ ಹಿಮ್ಮೇಳದವರು ಎತ್ತಿಕೊಂಡು, ದಪ್ಪು ತಾಳದ ಜೊತೆ ಮತ್ತೆ ಹಾಡುತ್ತಾರೆ. ಅವರು ಮುಗಿಸುವವರೆಗೆ ಪಾತ್ರ ಹೆಜ್ಜೆ ಹಾಕುತ್ತ ರಂಗದಲ್ಲೇ ಸುತ್ತಬೇಕು, ಬಿಟ್ಟು ಹೋಗುವಂತಿಲ್ಲ. ಅಂದರೆ ಬಾಳ್ಯಾನ ಸುಳ್ಳನ್ನು ನಾವು ಒಮ್ಮೆ ಅವನ ಬಾಯಿಂದ, ಇನ್ನೊಮ್ಮೆ ಹಿಮ್ಮೇಳದ ಬಾಯಿಂದ ಕೇಳುತ್ತೇವೆ. ಆ ಎರಡನೆಯ ಸಲ ನಮಗೆ ಮಾಡಲು ಬೇರೆ ಕೆಲಸವಿಲ್ಲ. ಮಾತಿನ ಅರ್ಥ ತಲೆಗೆ ಇಳಿದಾಗಿದೆ. ಉಳಿದದ್ದು ಸಂಗ್ಯಾನ ಮುಖ ನೋಡುವುದು. ಅವನು ನಂಬುತ್ತಿದ್ದಾನೆ, ನಮಗೆ ಗೊತ್ತಿದೆ, ದಪ್ಪು ಬಡಿಯುತ್ತಲೇ ಇದೆ.

ಇನ್ನೂ ಒಂದು ಸೂಕ್ಷ್ಮವಿದೆ. ಸಂಗ್ಯಾ ಒಪ್ಪಿ ಹಾಡುವ ನುಡಿಯನ್ನೂ ಇದೇ ಹಿಮ್ಮೇಳ ಎತ್ತಿಕೊಳ್ಳುತ್ತದೆ. ವಂಚಕನ ಮಾತು, ವಂಚನೆಗೊಳಗಾದವನ ಮಾತು ಎರಡೂ ಅದೇ ಕಂಠಗಳಲ್ಲಿ, ಅದೇ ಉಮೇದಿಯಲ್ಲಿ ಹೊರಡುತ್ತವೆ. ಹಿಮ್ಮೇಳದವರಿಗೆ ಕಥೆ ಪೂರ್ತಿ ಗೊತ್ತು, ಎಚ್ಚರಿಕೆ ಮಾತ್ರ ಕೊಡುವುದಿಲ್ಲ. ಯಾರ ಕಡೆಗೂ ವಾಲುವುದಿಲ್ಲ. ‘ಹೋಗಬ್ಯಾಡೋ’ ಅನ್ನುವ ಕೆಲಸ ಹೀಗೆ ಪೂರ್ತಿ ನಮ್ಮ ಮೇಲೆ ಬೀಳುತ್ತದೆ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತೇವೆ. ನಮ್ಮ ಹುಡುಗರ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಮಾಡುವುದು ಇದಕ್ಕೆ ಪೂರಾ ವಿರುದ್ಧವಾದ ಕೆಲಸ. ಬಾಗಿಲು ತೆರೆಯುವ ಮೊದಲೇ ಡೌನ್‌ಲೋಡ್ ಮಾಡಿದ ‘ಢಂ’ ಸದ್ದು ಬಂದು ಪ್ರೇಕ್ಷಕನ ಪರವಾಗಿ ತಾನೇ ಹೆದರಿಬಿಡುತ್ತದೆ. ಅವನಿಗೆ ಉಳಿದ ಕೆಲಸ ಶಿಳ್ಳೆ ಹಾಕುವುದು.

ಇಲ್ಲಿ ಜಾನಪದ ವಿದ್ವಾಂಸರ ಜೊತೆಗೂ ನನಗೆ ಜಗಳವಿದೆ. ಸೆಮಿನಾರುಗಳಲ್ಲಿ ‘ಸಂಗ್ಯಾ ಬಾಳ್ಯಾ’ ಎಂದರೆ ಪರಸ್ತ್ರೀ ವ್ಯಾಮೋಹದ ಕೇಡು, ಮಿತ್ರದ್ರೋಹದ ನೀತಿ, ಆ ಕಾಲದ ಸಮಾಜದ ಕನ್ನಡಿ, ಮುಗಿಯಿತು. ನೀತಿ ಕೇಳಲು ಯಾರೂ ರಾತ್ರಿಯಿಡೀ ಚಳಿಯಲ್ಲಿ ಕೂರುವುದಿಲ್ಲ, ಅದಕ್ಕೆ ಮಠವಿದೆ. ಈ ಆಟ ಕೂರಿಸುವುದು ತನ್ನ ಕಟ್ಟೋಣದಿಂದ. ಆ ಕಟ್ಟೋಣ ಕೊಲೆಯ ಕಥೆಯ ಕಟ್ಟೋಣ. ಗೀಗೀ ಪದದಿಂದ ಬಯಲಾಟದವರೆಗೆ ಎಲ್ಲವನ್ನೂ ‘ಸಂಸ್ಕೃತಿ’ಯ ಕಪಾಟಿನಲ್ಲಿಟ್ಟು ಬೀಗ ಹಾಕಿದವರು ಇವರೇ. ಸಿನಿಮಾ ಮಾಡುವ ಹುಡುಗನಿಗೆ ಸಣ್ಣಾಟವೆಂದರೆ ಎನ್ನೆಸ್ಸೆಸ್ ಶಿಬಿರದಲ್ಲಿ ತೋರಿಸುವ ವಸ್ತುವಾಗಿ ಉಳಿದದ್ದರಲ್ಲಿ ಇವರ ಪಾಲು ದೊಡ್ಡದು. 2024ರಲ್ಲಿ ಚಿದಾನಂದ ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ಗೆ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ತಂದಾಗ ಇವರೆಲ್ಲ ಒಮ್ಮೆಲೇ ಎದ್ದು, ‘ನೋಡಿ, ಜಾನಪದದ ಶಕ್ತಿ’ ಎಂದರು. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದದ್ದಕ್ಕೆ ಬೆಳಕೇ ಹರಿಯದ ಕಥೆ ಅದು, ಸರಿ. ನಾಲ್ಕು ದಿನದ ಶೂಟಿಂಗು, ಹದಿನಾರು ನಿಮಿಷದ ಅವಧಿ ಎಂಬ ಕಟ್ಟಿನೊಳಗೆ ಕತ್ತಲೆಯನ್ನೇ ಕಥೆಯ ಬೆನ್ನುಮೂಳೆ ಮಾಡಿಕೊಂಡ ಲೆಕ್ಕಾಚಾರವನ್ನು ಯಾರೂ ಎತ್ತಿ ಹೇಳಲಿಲ್ಲ. ಪ್ಲ್ಯಾನಿಂಗ್ ಎಂದರೆ ಅದು.

ಎಲ್ಲವನ್ನೂ ಮೊದಲೇ ಹೇಳುವ ಪ್ರಚಾರ ಸಿನಿಮಾದಲ್ಲೂ ನಡೆದಿದೆ. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ಗೆ ಮಾಡಿದ ಟ್ರೇಲರ್ ಆರು ನಿಮಿಷಕ್ಕೂ ಮಿಕ್ಕಿದ್ದು. ಅದರಲ್ಲಿ ಅವನೇ ಗೈಡಿನಂತೆ ಮೋಟೆಲು, ಮನೆ ಎಲ್ಲ ಸುತ್ತಾಡಿಸಿ, ಮೆಟ್ಟಿಲ ತುದಿ ತೋರಿಸಿ, ಬಚ್ಚಲುಮನೆ ತೋರಿಸಿ, ಕೊಲೆ ಎಲ್ಲೆಲ್ಲಿ ಆಗುತ್ತದೆಂದು ಹೇಳಿಬಿಡುತ್ತಾನೆ. ಜಾಗ ಗೊತ್ತಾದ ಮೇಲೆ ಪ್ರೇಕ್ಷಕನಿಗೆ ಆ ಬಚ್ಚಲಿನ ಪರದೆಯೇ ಭಯ. ಗುಟ್ಟಾಗಿ ಇಟ್ಟುಕೊಂಡದ್ದು ಒಂದನ್ನು ಮಾತ್ರ. ನಮ್ಮ ಟೀಸರುಗಳು ಎಲ್ಲವನ್ನೂ ಮುಚ್ಚಿಡುತ್ತವೆ, ಚಿತ್ರ ಬಂದಾಗ ನೋಡಿದರೆ ಮುಚ್ಚಿಡುವಂಥದ್ದು ಒಳಗೆ ಏನೂ ಇರುವುದಿಲ್ಲ.

ಪವನ್ ಕುಮಾರರಿಂದಲೇ ಕಲಿಯಬೇಕೆಂದರೆ 2016ರ ‘ಯೂ ಟರ್ನ್’ ನೋಡಲಿ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಸುತ್ತು ಉಳಿಸಲು ನಡುವಿನ ಕಲ್ಲು ಸರಿಸಿ ತಿರುಗುತ್ತಾರೆ, ಕಲ್ಲನ್ನು ಹಾಗೇ ಬಿಟ್ಟು ಹೋಗುತ್ತಾರೆ. ಚಿತ್ರ ಹುಟ್ಟಿದ್ದು ಆ ಕಲ್ಲಿನಿಂದ. ನಮ್ಮವರು ನಕಲು ಮಾಡಿದ್ದು ಅದರ ದೆವ್ವವನ್ನು.

ಕಲ್ಲಿಗೆ ನಮ್ಮಲ್ಲೇನು ಬರವೇ? ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ದೀಪವಿಲ್ಲದೆ, ಮುಂದೆ ಹಾಡಿನ ಅಬ್ಬರದಲ್ಲಿ ರಾತ್ರಿ ರಸ್ತೆಗಿಳಿಯುತ್ತವೆ. ಕಬ್ಬಿನ ಗ್ಯಾಂಗು ತರುತ್ತೇನೆಂದು ಲಕ್ಷಗಟ್ಟಲೆ ಅಡ್ವಾನ್ಸ್ ಎತ್ತಿದ ಮುಕಾದಮ ಫೋನ್ ಬಂದ್ ಮಾಡಿ ಗಡಿ ದಾಟುತ್ತಾನೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಏರಿ ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಎರಡು ಊರಿನ ನಡುವೆ ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ, ಆಚೆ ಉಳಿದವನು ಆಚೆಯೇ. 2021ರಲ್ಲಿ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿ-ಪಿಸಿಆರ್ ಚೀಟಿ ಇಲ್ಲದವರನ್ನು ತಡೆದು ವಾಪಸ್ ಕಳಿಸಿದ ದಿನಗಳನ್ನು ಈ ಹುಡುಗರೇ ಕಂಡಿದ್ದಾರೆ. ಇಷ್ಟನ್ನೂ ಬಿಟ್ಟು ಅವರ ಚಿತ್ರದಲ್ಲಿ ಬರುವುದು ಹೂಡಿ ತೊಟ್ಟ ಸೀರಿಯಲ್ ಕಿಲ್ಲರ್. ಅವನು ಪುಸ್ತಕದ ಕನ್ನಡ ಆಡುತ್ತಾನೆ, ಇನ್‌ಸ್ಪೆಕ್ಟರ್ ಬೆಂಗಳೂರಿನ ಕನ್ನಡ ಆಡುತ್ತಾನೆ. ‘ಏನಲೇ’ ಎನ್ನುವ ನಮ್ಮ ಮಾತು ಕಾಮಿಡಿ ಪಾತ್ರದ ಪಾಲಿಗೆ. ಬೆಂಗಳೂರಿನವರು ನಮಗೆ ಮಾಡುತ್ತ ಬಂದ ಅವಮಾನವನ್ನು ನಾವೇ ನಮ್ಮ ಖರ್ಚಿನಲ್ಲಿ ಮಾಡಿಕೊಳ್ಳುವುದು ಇದು.

ಹತ್ತಿರದ ಎರಡು ಮಾದರಿಗಳನ್ನು ಯಾವ ಕಾಲೇಜಿನಲ್ಲೂ ತೋರಿಸಿದ್ದು ಕೇಳಿಲ್ಲ. ಯುಗಾಂತರ ತಂಡದ ದೀಪಾ ಧನರಾಜ್ ಮತ್ತು ಜೊತೆಯವರು 1982ರಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಜೊತೆ ಕೂತು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿದರು. ಥ್ರಿಲ್ಲರ್ ಅಲ್ಲ, ಆದರೆ ಚಿತ್ರಕ್ಕೆ ಮುಂಚೆ ಜನರ ಮಾತು ಕೇಳಬೇಕೆಂಬುದಕ್ಕೆ ಪಾಠ. ಇನ್ನೊಂದು ಕೊಲ್ಹಾಪುರದ್ದು. ನಿಪ್ಪಾಣಿಯಿಂದ ಒಂದು ತಾಸಿನ ದಾರಿಯಲ್ಲಿ ಬಾಬುರಾವ್ ಪೇಂಟರ್ 1920ರ ದಶಕದಲ್ಲೇ ತನ್ನ ಚಿತ್ರಗಳಿಗೆ ತಾನೇ ಪೋಸ್ಟರ್ ಬರೆಯುತ್ತಿದ್ದ. ಉಳಿದು ಬಂದಿರುವ ಭಾರತದ ಅತಿ ಹಳೆಯ ಪೋಸ್ಟರುಗಳಲ್ಲಿ ಅವನ 1924ರ ‘ಕಲ್ಯಾಣ್ ಖಜಿನಾ’ದ್ದೂ ಒಂದು. ಚಿತ್ರ ತೆಗೆದ ಕೈಯೇ ಪೋಸ್ಟರನ್ನೂ ಬರೆದದ್ದರಿಂದ ಒಂದಕ್ಕೊಂದು ಸಂಬಂಧವಿತ್ತು.

ಮುಂದಿನ ಗ್ಯಾದರಿಂಗಿಗೆ ಕೊಲೆಯ ಕಥೆ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ಟೀಸರ್ ಬಿಟ್ಟುಬಿಡಿ. ಪೋಸ್ಟರಿನ ಮೇಲೆ ಸತ್ತವನ ಹೆಸರು, ಕೊಂದವನ ಹೆಸರು, ನಡೆದ ಊರು ಮೂರನ್ನೂ ದಪ್ಪ ಅಕ್ಷರದಲ್ಲಿ ಹಾಕಿ. ಅಂಥದೊಂದು ಪೋಸ್ಟರ್ ಎಲ್ಲಾದರೂ ಕಂಡರೆ ಕಾಗವಾಡವಿರಲಿ, ರಾಯಬಾಗವಿರಲಿ, ಬಸ್ ಹತ್ತಿ ಬರುತ್ತೇನೆ. ಟಿಕೆಟ್ ಇಟ್ಟರೂ ಕೊಡುತ್ತೇನೆ.