'ಹಸುರು ಹೊನ್ನು'ವಿಗೆ ಮುನ್ನ

ಗಿಡಮರಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಹೇಳಿ ಎಂದರೆ ಥಟ್ಟನೆ ಬರುವ ಹೆಸರು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಬರೆದ ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಿಫಾರಸಿನಲ್ಲಿ ತಪ್ಪಿಲ್ಲ. ಆದರೆ ಹೊಸಬರ ಕೈಗೆ ಮೊದಲೇ ಇದನ್ನಿಡುವುದು ಅಷ್ಟೇನೂ ಜಾಣತನವಲ್ಲ.

ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಮೇಷ್ಟ್ರು ಪಶ್ಚಿಮ ಘಟ್ಟದ ಕಾಡು ಹೊಗುತ್ತಾರೆ. ಹುಡುಗರ ಕೀಟಲೆ, ಮಾತಿಗೆ ಮಾತು, ಇವುಗಳ ನಡುವೆಯೇ ಗಿಡವೊಂದು ಎದುರಾಗುತ್ತದೆ. ನಗು ಮುಗಿಯುವಷ್ಟರಲ್ಲಿ ಅದರ ಕುಟುಂಬ, ಎಲೆಯ ಜೋಡಣೆ, ಹೂವಿನ ರಚನೆ ತಲೆಗೆ ಹೊಕ್ಕಿರುತ್ತದೆ. ಜೊತೆಗೆ ಲೇಖಕರದೇ ಕೈಯ ಚಿತ್ರಗಳು. ಆದರೂ ಲ್ಯಾಟಿನ್ ಹೆಸರುಗಳೂ ಶಾಸ್ತ್ರದ ವಿವರಗಳೂ ಸಾಲುಗಟ್ಟಿದಾಗ, ಕಾಡಿನ ಪರಿಚಯವೇ ಇಲ್ಲದವರು ಹಾಸ್ಯವನ್ನಷ್ಟೇ ಆರಿಸಿಕೊಂಡು ಗಿಡವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಅಂಥವರಿಗೆ ಸ್ವಾಮಿಯವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಮೊದಲಾಗಬೇಕು. ಇಲ್ಲಿ ಗಿಡ ಹುಡುಕಲು ಘಟ್ಟ ಹತ್ತಬೇಕಿಲ್ಲ, ಅಡುಗೆಮನೆ ಸಾಕು. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ, ಕಡಲೆಕಾಯಿ, ಸೀಬೆ, ಗೋಡಂಬಿ: ಎಲ್ಲವುಗಳ ತವರು ಅಮೆರಿಕ. 1492ರಲ್ಲಿ ಕೊಲಂಬಸ್ ಅಲ್ಲಿ ಕಾಲಿಟ್ಟ ನಂತರ, ಬಹುಮಟ್ಟಿಗೆ ಪೋರ್ಚುಗೀಸರ ಹಡಗುಗಳಲ್ಲಿ ಇವು ನಮ್ಮ ಕರಾವಳಿಗೆ ಬಂದವು. ಅಲ್ಲಿಯವರೆಗೆ ನಮ್ಮವರ ಖಾರಕ್ಕೆ ಮುಖ್ಯ ಆಸರೆ ಕರಿಮೆಣಸು. ಹಲವು ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ, ಆಲೂಗೆಡ್ಡೆ ಸಲ್ಲುವುದಿಲ್ಲ. ಸಸ್ಯಗಳ ವಲಸೆಯನ್ನು ವಿಜ್ಞಾನಿಗಳಿಗಿಂತ ಮೊದಲು ಮಡಿ ಹೆಂಗಸರೇ ಗುರುತಿಟ್ಟುಕೊಂಡಿದ್ದರೇನೋ! ಸಾರಿನ ಬಟ್ಟಲಿನಿಂದ ಹೊರಟ ಓದುಗ ಆಮೇಲೆ 'ಹಸುರು ಹೊನ್ನು'ವಿನ ಲ್ಯಾಟಿನ್ನಿಗೆ ಹೆದರಲಾರ.

ಸ್ವಾಮಿಯವರಲ್ಲಿ ಒಂದು ಕೊರತೆಯೂ ಇದೆ. ಅವರ ಕಣ್ಣು ಗಿಡಗಳನ್ನು ಒಂದೊಂದಾಗಿ ಬಿಡಿಸಿ ನೋಡುವಂಥದ್ದು. ಹುಳು, ಹಕ್ಕಿ, ಮನುಷ್ಯ, ಮರ ಒಂದರ ಬದುಕಿಗೊಂದು ತಗುಲಿಕೊಂಡಿರುವ ಬಗೆ ತಿಳಿಯಲು ತೇಜಸ್ವಿಯವರ 'ಪರಿಸರದ ಕತೆ'ಗೇ ಬರಬೇಕು. ಮೂಡಿಗೆರೆಯ ಸುತ್ತಲ ಕಾಡು, 'ಕಿವಿ' ಎಂಬ ನಾಯಿ, ಮಾರ, ಪ್ಯಾರರ ಸಹವಾಸ, ಉಪದೇಶದ ಕಾಟವಿಲ್ಲ.

ಇದೇ ತೇಜಸ್ವಿ ಭಾವಾನುವಾದ ಮಾಡಿದ ಕೆನೆತ್ ಆಂಡರ್ಸನ್‌ನ 'ಕಾಡಿನ ಕತೆಗಳು' ಮಾಲೆಯನ್ನೂ ಪರಿಸರದ ಪಟ್ಟಿಗೆ ತುರುಕುವವರಿದ್ದಾರೆ. ಅವು ನಿದ್ದೆಗೆಡಿಸುವ ಶಿಕಾರಿ ಕತೆಗಳು. ಕಾಡಿನ ವರ್ಣನೆ ಎಷ್ಟೇ ಸೊಗಸಾಗಿದ್ದರೂ ಓದುಗನ ಗಮನ ಕೋವಿಯ ತುದಿಯಲ್ಲೇ ಇರುತ್ತದೆ. ಗಿಡ ತಿಳಿಯಬೇಕೆಂದು ಕೇಳಿದವನಿಗೆ ನರಭಕ್ಷಕವನ್ನು ಕೊಟ್ಟರೆ ಅವನು ಪುಸ್ತಕವನ್ನು ಬಿಡುವುದಿಲ್ಲ, ನಿಜ. ಆದರೆ ಮುತ್ತುಗ ಯಾವುದು, ಮತ್ತಿ ಯಾವುದು ಎಂಬ ಅವನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.